ಊರಿನ ಅಂಗಡಿ, ಕುಶಲಕರ್ಮಿ ಮತ್ತು ವಾರದ ಸಂತೆ: ಗ್ರಾಮ ಪಂಚಾಯಿತಿಯ ಪಾತ್ರ

ಶನಿವಾರಸಂತೆ, ಸೋಮವಾರಪೇಟೆ, ಸಂತೆಮರಹಳ್ಳಿ, ಸಂತೆಬೆನ್ನೂರು ಮುಂತಾದ ರಾಜ್ಯದ ಹಲವು ಊರುಗಳ ಹೆಸರಿನಲ್ಲಿಯೇ ಸಂತೆ ಮತ್ತು ಪೇಟೆಗಳು ಸೇರಿಕೊಂಡಿವೆ. ಸುತ್ತಲಿನ ಹಳ್ಳಿಗಳ ಜನ ವಾರಕ್ಕೊಮ್ಮೆ ಕೂಡುವ ಜಾಗದಲ್ಲಿ ದಿನಸಿ ಅಂಗಡಿ, ಹಿಟ್ಟಿನ ಗಿರಣಿ, ದರ್ಜಿಯ ಅಂಗಡಿ, ಕ್ಷೌರದಂಗಡಿ, ಚಹಾದ ಹೋಟೆಲು ಒಂದೊಂದಾಗಿ ನೆಲೆಯೂರುವುದು ಸಹಜ. ಅವುಗಳ ಜೊತೆಗೆ ಇಂದು ಪಂಪ್‌ಸೆಟ್ ಮೋಟಾರು ದುರಸ್ತಿ, ವೆಲ್ಡಿಂಗ್, ಪಂಕ್ಚರ್, ಮೊಬೈಲ್ ರಿಪೇರಿ, ಜೆರಾಕ್ಸ್ ಅಂಗಡಿಗಳೂ ಸೇರಿವೆ. ಇವುಗಳಲ್ಲಿ ಹೆಚ್ಚಿನವು ಒಂದೇ ಕುಟುಂಬದ ದುಡಿಮೆಯಿಂದ ನಡೆಯುವಂಥವು. ಇಂತಹ ವ್ಯಾಪಾರಿಗಳಿಗೆ ಬಾಡಿಗೆ ನಿಗದಿಪಡಿಸುವುದು, ಪರವಾನಗಿ ನೀಡುವುದು, ಸಂತೆಯ ಸುಂಕ ಗೊತ್ತುಪಡಿಸುವುದು, ಸ್ವತಃ ಸಾಮಗ್ರಿ ಖರೀದಿಸಿ ಬಿಲ್ ಪಾವತಿಸುವುದು ಇವೆಲ್ಲವೂ ಗ್ರಾಮ ಪಂಚಾಯಿತಿಯ ದೈನಂದಿನ ಕೆಲಸಗಳು. ಆದ್ದರಿಂದ ಸ್ಥಳೀಯ ವ್ಯಾಪಾರದ ಉತ್ತೇಜನಕ್ಕೆ ಹೊಸ ಯೋಜನೆಯೊಂದು ಬರಲಿ ಎಂದು ಕಾಯುವ ಅಗತ್ಯವಿಲ್ಲ. ಕೈಯಲ್ಲಿರುವ ಅಧಿಕಾರವನ್ನು ಹೇಗೆ ಬಳಸಲಾಗುತ್ತಿದೆ ಎಂಬುದನ್ನು ಮೊದಲು ಪರಿಶೀಲಿಸಬೇಕಾಗಿದೆ.

ಈ ಅಧಿಕಾರಕ್ಕೆ ಸಾಂವಿಧಾನಿಕ ಆಧಾರವಿದೆ. 73ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ಕೈಗಾರಿಕೆ, ಖಾದಿ ಮತ್ತು ಗ್ರಾಮೋದ್ಯೋಗಗಳಲ್ಲದೆ 22ನೆಯದಾಗಿ ಮಾರುಕಟ್ಟೆಗಳು ಮತ್ತು ಸಂತೆ-ಜಾತ್ರೆಗಳೂ ಸೇರಿವೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೇ ಪ್ರಕರಣವು ಮಾರುಕಟ್ಟೆ ಶುಲ್ಕ, ಬಸ್ ನಿಲ್ದಾಣ ಶುಲ್ಕ ಮೊದಲಾದವುಗಳನ್ನು ವಿಧಿಸುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ನೀಡಿದೆ.

ಹಣ ಎಲ್ಲಿ ಉಳಿಯುತ್ತದೆ?

ಗೃಹಲಕ್ಷ್ಮಿ ಯೋಜನೆಯಡಿ ಕುಟುಂಬದ ಯಜಮಾನಿಗೆ ತಿಂಗಳಿಗೆ ₹2,000 ದೊರೆಯುತ್ತದೆ. ಒಂದು ಗ್ರಾಮ ಪಂಚಾಯಿತಿಯಲ್ಲಿ 1,500 ಫಲಾನುಭವಿಗಳಿದ್ದಾರೆ ಎಂದು ಭಾವಿಸಿದರೆ, ಆ ಒಂದೇ ಯೋಜನೆಯಿಂದ ತಿಂಗಳಿಗೆ ₹30 ಲಕ್ಷ, ವರ್ಷಕ್ಕೆ ₹3.6 ಕೋಟಿ ಊರಿಗೆ ಬಂದಂತಾಯಿತು. ಹಾಲಿನ ಬಟವಾಡೆ, ಪಿಂಚಣಿ, ಕೂಲಿ, ಬೆಳೆಯ ಹಣ ಇದರ ಮೇಲೆ. ಈ ಮೊತ್ತ ಊರಿನ ಅಂಗಡಿಯಲ್ಲಿ ಖರ್ಚಾದರೆ ಅಂಗಡಿಯವನ ಮನೆಯ ಹಾಲು, ತರಕಾರಿ, ಹೊಲಿಗೆ, ರಿಪೇರಿಗಳ ಮೂಲಕ ಮತ್ತೆ ಊರಿನ ಇನ್ನೊಂದು ಕೈ ಸೇರುತ್ತದೆ. ತಾಲ್ಲೂಕು ಕೇಂದ್ರದ ಸೂಪರ್ ಮಾರ್ಕೆಟ್‌ನಲ್ಲಿಯೋ ಮೊಬೈಲಿನ ಆನ್‌ಲೈನ್ ಖರೀದಿಯಲ್ಲಿಯೋ ಖರ್ಚಾದರೆ ಬಹುಪಾಲು ಅಂದೇ ಊರು ಬಿಡುತ್ತದೆ.

ಹಾಗೆಂದು "ಊರಿನಲ್ಲಿಯೇ ಕೊಳ್ಳಿರಿ" ಎಂದು ಫಲಕ ಹಾಕಿಸಿದರೆ ಕೆಲಸವಾಗದು. ಎಲ್ಲಿ ಬೆಲೆ ಕಡಿಮೆಯೋ, ಎಲ್ಲಿ ಸರಕು ತಾಜಾ ಇದೆಯೋ ಅಲ್ಲಿಗೆ ಜನ ಹೋಗುತ್ತಾರೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ತಾಲ್ಲೂಕು ಕೇಂದ್ರದ ಪ್ರಯಾಣ ಸುಲಭವಾಗಿದೆ. ಅದು ಅವರ ಹಕ್ಕಿನ ಅನುಕೂಲ. ಊರಿನ ಅಂಗಡಿಯೂ ತನ್ನ ಗುಣದಿಂದಲೇ ಗಿರಾಕಿಯನ್ನು ಉಳಿಸಿಕೊಳ್ಳಬೇಕು. ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಡೆಯುವ, ಅವಧಿ ಮುಗಿದ ಪೊಟ್ಟಣ ಮಾರುವ, ಮುದ್ರೆಯಿಲ್ಲದ ತಕ್ಕಡಿ ಬಳಸುವ ಅಂಗಡಿಗೆ ಸ್ಥಳೀಯ ಎಂಬ ಕಾರಣಕ್ಕೆ ರಕ್ಷಣೆ ಸಲ್ಲದು. ಕಾನೂನು ಮಾಪನಶಾಸ್ತ್ರ ಇಲಾಖೆಯನ್ನು ಕೋರಿ ತೂಕ-ಅಳತೆಗಳ ತಪಾಸಣೆ ಮತ್ತು ಮುದ್ರೆ ಹಾಕುವ ಕೆಲಸವನ್ನು ಸಂತೆಯ ದಿನವೇ ಮಾಡಿಸಿದರೆ ಗಿರಾಕಿಗೂ ನಂಬಿಕೆ, ಪ್ರಾಮಾಣಿಕ ವ್ಯಾಪಾರಿಗೂ ಅನುಕೂಲ.

ಆದರೆ ಊರಿನ ಅಂಗಡಿ ಮಾತ್ರ ಮಾಡಬಲ್ಲ ಕೆಲವು ಕೆಲಸಗಳಿವೆ. ಬೆಳೆ ಕೈಗೆ ಬರುವವರೆಗೆ ಉದ್ರಿ ಕೊಡುವುದು ಅದೇ. ಸ್ಮಾರ್ಟ್‌ಫೋನ್ ಇಲ್ಲದ ಒಂಟಿ ವೃದ್ಧೆಗೆ ಕಾಲು ಕೆ.ಜಿ. ಬೇಳೆ, ಎರಡು ಮಾತ್ರೆ ಸಿಗುವುದೂ ಅಲ್ಲಿಯೇ. ಬೇಸಿಗೆಯಲ್ಲಿ ಕುಡಿಯುವ ನೀರಿನ ಮೋಟಾರು ಸುಟ್ಟಾಗ ರಾತ್ರಿಯೇ ಬಿಚ್ಚಿ ಕಾಯಿಲ್ ಕಟ್ಟಿಕೊಡುವವನು ಹತ್ತಿರದ ರಿಪೇರಿ ಅಂಗಡಿಯವನು. ಆ ಅಂಗಡಿ ಮುಚ್ಚಿದರೆ ಅದರ ಬೆಲೆಯನ್ನು ಪಂಚಾಯಿತಿಯೇ ತೆರಬೇಕಾಗುತ್ತದೆ: ಮೋಟಾರನ್ನು ವಾಹನದಲ್ಲಿ ತಾಲ್ಲೂಕಿಗೆ ಸಾಗಿಸಬೇಕು, ಅಷ್ಟು ದಿನ ಟ್ಯಾಂಕರ್ ಓಡಿಸಬೇಕು.

ಮಳಿಗೆಗಳ ಹರಾಜು

ಪಂಚಾಯಿತಿಯ ವಾಣಿಜ್ಯ ಮಳಿಗೆಗಳು ಸ್ವಂತ ಸಂಪನ್ಮೂಲದ ಮುಖ್ಯ ಮೂಲ. ಅವುಗಳನ್ನು ಬಹಿರಂಗ ಹರಾಜಿನಲ್ಲಿ, ಚಾಲ್ತಿಯಲ್ಲಿರುವ ಸರ್ಕಾರಿ ಆದೇಶಗಳ ಮೀಸಲಾತಿಯನ್ನು ಪಾಲಿಸಿ ನೀಡುವುದು ಕಡ್ಡಾಯ. ಇದರಲ್ಲಿ ರಿಯಾಯಿತಿಯ ಮಾತಿಲ್ಲ. ಆದರೆ ಹರಾಜಿನ ಷರತ್ತುಗಳನ್ನು ರೂಪಿಸುವಾಗ ಸಾಮಾನ್ಯ ಸಭೆಯು ಯೋಚಿಸಬೇಕಾದ ಸಂಗತಿಗಳಿವೆ. ಬಹುತೇಕ ಸದಸ್ಯರಿಗೆ ಪರಿಚಿತವಾದ ಪ್ರಸಂಗ ಹೀಗಿರುತ್ತದೆ: ಅಂಗಡಿ ನಡೆಸುವ ಉದ್ದೇಶವೇ ಇಲ್ಲದ ಒಬ್ಬರು ಪೈಪೋಟಿಯಲ್ಲಿ ಬಾಡಿಗೆ ಏರಿಸಿ ಮಳಿಗೆ ಹಿಡಿಯುತ್ತಾರೆ. ಬಳಿಕ ಅದನ್ನು ಒಳಬಾಡಿಗೆಗೆ ಕೊಡುತ್ತಾರೆ, ಇಲ್ಲವೇ ಆರು ತಿಂಗಳು ಬಾಡಿಗೆ ಕಟ್ಟಿ ನಿಲ್ಲಿಸುತ್ತಾರೆ. ದಾಖಲೆಯಲ್ಲಿ ಬೇಡಿಕೆ ದೊಡ್ಡದು, ವಸೂಲಿ ಚಿಕ್ಕದು. ಇತ್ತ ಹತ್ತು ವರ್ಷಗಳಿಂದ ಅಲ್ಲಿಯೇ ದುಡಿಯುತ್ತಿದ್ದ ದರ್ಜಿ ರಸ್ತೆಯ ಬದಿಗೆ ಬಂದಿರುತ್ತಾನೆ.

ಇದನ್ನು ತಡೆಯಲು ಷರತ್ತುಗಳಲ್ಲಿ ಒಳಬಾಡಿಗೆಯನ್ನು ಸ್ಪಷ್ಟವಾಗಿ ನಿಷೇಧಿಸಿ, ಉಲ್ಲಂಘನೆ ಕಂಡುಬಂದರೆ ಕರಾರು ರದ್ದಾಗುವುದೆಂದು ನಮೂದಿಸಬೇಕು. ವರ್ಷಕ್ಕೆರಡು ಬಾರಿ ಮಳಿಗೆಯಲ್ಲಿ ನಿಜವಾಗಿ ಯಾರು ಕೂತಿದ್ದಾರೆ ಎಂದು ಸ್ಥಳ ತನಿಖೆ ನಡೆಸಿ ವರದಿಯನ್ನು ಸಭೆಗೆ ಮಂಡಿಸಬೇಕು. ಷರತ್ತು ಎಷ್ಟೇ ಕಟ್ಟುನಿಟ್ಟಾಗಿದ್ದರೂ ತನಿಖೆಯಿಲ್ಲದಿದ್ದರೆ ಅದು ಕಾಗದದಲ್ಲಿಯೇ ಉಳಿಯುತ್ತದೆ. ಹೊಸ ಕಟ್ಟಡ ಯೋಜಿಸುವಾಗ ಎಲ್ಲವೂ ದೊಡ್ಡ ಮಳಿಗೆಗಳೇ ಆಗದಂತೆ ನೋಡಿಕೊಳ್ಳುವುದೂ ಮುಖ್ಯ. ಕ್ಷೌರದಂಗಡಿಗೆ, ಚಪ್ಪಲಿ ಹೊಲಿಯುವವರಿಗೆ, ಹೂವಿನ ಅಂಗಡಿಗೆ ಸಣ್ಣ ಜಾಗ ಸಾಕು. ದೊಡ್ಡ ಮಳಿಗೆಯ ಠೇವಣಿಯನ್ನು ಅವರು ಎಂದಿಗೂ ಹೊಂದಿಸಲಾರರು.

ಸಂತೆ ಮೈದಾನ

ಸಂತೆಯ ವಿಷಯದಲ್ಲಿ ಸದಸ್ಯರ ಗಮನ ಸಾಮಾನ್ಯವಾಗಿ ಸುಂಕ ವಸೂಲಿ ಹಕ್ಕಿನ ಹರಾಜು ಎಷ್ಟಕ್ಕೆ ಹೋಯಿತು ಎಂಬುದರ ಮೇಲಿರುತ್ತದೆ. ಹರಾಜಿನ ಮೊತ್ತ ಏರಿದಷ್ಟೂ ಗುತ್ತಿಗೆದಾರನು ಅದನ್ನು ಸೊಪ್ಪು ಮಾರುವವರಿಂದಲೇ ಹೊರಡಿಸಬೇಕಲ್ಲವೇ? ಪಂಚಾಯಿತಿಯು ನಿಗದಿಪಡಿಸಿದ ದರ ಒಂದು, ಮೈದಾನದಲ್ಲಿ ಕೇಳುವ ದರ ಇನ್ನೊಂದು ಎಂಬ ದೂರು ಬರುವುದು ಇಂತಹ ಸಂದರ್ಭದಲ್ಲಿಯೇ. ಸುಂಕ ಕೊಡಲಾರದ ಸಣ್ಣ ರೈತ ಮರುವಾರ ಬರುವುದಿಲ್ಲ. ಸರಕು ಕಡಿಮೆಯಾದರೆ ಗಿರಾಕಿಯೂ ಕಡಿಮೆಯಾಗುತ್ತಾನೆ. ಎರಡು ಮೂರು ವರ್ಷಗಳಲ್ಲಿ ಹರಾಜು ಕೂಗುವವರೇ ಇಲ್ಲದಂತಾಗುತ್ತದೆ. ಹೆಚ್ಚಿನ ಆದಾಯದ ಆಸೆಯೇ ಆದಾಯದ ಮೂಲವನ್ನು ಬತ್ತಿಸುವ ರೀತಿ ಇದು.

ಇದಕ್ಕೆ ಪರಿಹಾರ ಸರಳವಾಗಿದೆ. ತಲೆಹೊರೆ, ತಳ್ಳುಗಾಡಿ, ನೆಲದ ಅಂಗಡಿ, ವಾಹನ ಇವುಗಳ ದರಪಟ್ಟಿಯನ್ನು ಮೈದಾನದ ಪ್ರವೇಶದಲ್ಲಿ ಎಲ್ಲರಿಗೂ ಓದಲು ಬರುವಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಿಸಬೇಕು. ಪಂಚಾಯಿತಿಯ ಮೊಹರು ಮತ್ತು ಕ್ರಮಸಂಖ್ಯೆ ಇರುವ ರಶೀದಿಯಿಲ್ಲದೆ ಸುಂಕ ಪಡೆಯಕೂಡದೆಂದು ಕರಾರಿನಲ್ಲಿ ಸೇರಿಸಬೇಕು. ತಾನೇ ಬೆಳೆದ ಸೊಪ್ಪು-ತರಕಾರಿಯನ್ನು ತಲೆಹೊರೆಯಲ್ಲಿ ತರುವವರಿಗೆ ಅತಿ ಕಡಿಮೆ ದರ ನಿಗದಿಪಡಿಸುವ ಬಗ್ಗೆಯೂ ಸಭೆ ತೀರ್ಮಾನಿಸಬಹುದು.

ಸಂತೆಗೆ ಬೇಕಾದ ಸೌಲಭ್ಯಗಳಲ್ಲಿ ಶೌಚಾಲಯವನ್ನು ಮೊದಲು ಎಣಿಸಬೇಕು. ಬೆಳಗಿನ ಜಾವ ಮನೆ ಬಿಟ್ಟು ಕತ್ತಲಾದ ಮೇಲೆ ಹಿಂತಿರುಗುವ ಮಹಿಳಾ ವ್ಯಾಪಾರಿಗಳು ಇಡೀ ದಿನ ನೀರು ಕುಡಿಯದೆ ಕೂರುವುದು ಹಲವು ಸಂತೆಗಳಲ್ಲಿ ಕಾಣುವ ಸ್ಥಿತಿ. ಲಕ್ಷಾಂತರ ರೂಪಾಯಿಯ ಕಟ್ಟೆ ಕಟ್ಟಿ ಶೌಚಾಲಯಕ್ಕೆ ಬೀಗ ಹಾಕಿಟ್ಟರೆ ಆ ಕಟ್ಟೆಯಿಂದ ಅವರಿಗಾಗುವ ಪ್ರಯೋಜನ ಅಲ್ಪ. ಬೀಗದ ಕೈ ಸಂತೆಯ ದಿನ ಯಾರ ಬಳಿ ಇರಬೇಕೆಂಬುದನ್ನೂ ನಿರ್ಣಯದಲ್ಲಿಯೇ ಬರೆಯುವುದು ಒಳ್ಳೆಯದು. ನೆರಳು, ಕುಡಿಯುವ ನೀರು, ಸಂಜೆಯ ದೀಪ, ಮರುದಿನದ ಕಸ ವಿಲೇವಾರಿ ಇವು ನಂತರದವು. 2018-19ರ ಕೇಂದ್ರ ಆಯವ್ಯಯದಲ್ಲಿ ದೇಶದ 22,000 ಗ್ರಾಮೀಣ ಸಂತೆಗಳನ್ನು ಗ್ರಾಮೀಣ ಕೃಷಿ ಮಾರುಕಟ್ಟೆಗಳಾಗಿ ಅಭಿವೃದ್ಧಿಪಡಿಸುವುದಾಗಿ ಘೋಷಿಸಲಾಗಿತ್ತು. ನಬಾರ್ಡ್ ಸಹ ಗ್ರಾಮೀಣ ಸಂತೆ ಮತ್ತು ಮಾರಾಟ ಮಳಿಗೆಗಳಿಗೆ ನೆರವು ನೀಡುತ್ತದೆ.

ಬೀದಿ ಬದಿ ವ್ಯಾಪಾರಿಗಳ ಬಗ್ಗೆ ಒಂದು ಸ್ಪಷ್ಟನೆ ಅಗತ್ಯ. 2014ರ ಬೀದಿ ಬದಿ ವ್ಯಾಪಾರಿಗಳ ಅಧಿನಿಯಮವು ಪಟ್ಟಣ ವ್ಯಾಪಾರ ಸಮಿತಿ, ಗುರುತಿನ ಚೀಟಿ ಮೊದಲಾದ ರಕ್ಷಣೆಗಳನ್ನು ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಒದಗಿಸಿದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ತಳ್ಳುಗಾಡಿಯವರಿಗೆ ಅಂತಹ ಸಮಿತಿಯ ಆಸರೆ ಇಲ್ಲ. ರಸ್ತೆ ಅಗಲೀಕರಣದ ವೇಳೆಯಲ್ಲಿ ಅಥವಾ ಬಸ್ ನಿಲುಗಡೆಯನ್ನು ಸ್ಥಳಾಂತರಿಸುವಾಗ ಅವರಿಗೆ ಬದಲಿ ಜಾಗ ತೋರಿಸುವ ಹೊಣೆಯನ್ನು ಪಂಚಾಯಿತಿಯೇ ಮುಂದೆ ಬಂದು ವಹಿಸಿಕೊಳ್ಳಬೇಕಾಗುತ್ತದೆ. ಬಸ್ಸು ನಿಲ್ಲುವ ಜಾಗ ಅರ್ಧ ಕಿಲೋಮೀಟರ್ ಸರಿದರೂ ಹಳೆಯ ಸಾಲಿನ ಅಂಗಡಿಗಳ ವ್ಯಾಪಾರ ಕುಸಿಯುತ್ತದೆ.

ಪಂಚಾಯಿತಿಯೇ ಗಿರಾಕಿಯಾದಾಗ

ಬೀದಿದೀಪ, ಪೈಪು, ವಾಲ್ವು, ಬ್ಲೀಚಿಂಗ್ ಪೌಡರ್, ಲೇಖನ ಸಾಮಗ್ರಿ, ಸಭೆಯ ಉಪಾಹಾರ, ಮೋಟಾರು ದುರಸ್ತಿ ಹೀಗೆ ಪಂಚಾಯಿತಿಯು ವರ್ಷವಿಡೀ ಖರೀದಿಸುತ್ತಲೇ ಇರುತ್ತದೆ. ಈ ಖರೀದಿಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಮತ್ತು ಅದರಡಿಯ ನಿಯಮಗಳಿಗೆ ಒಳಪಟ್ಟಿವೆ. ನಮ್ಮ ಊರಿನವನು ಎಂಬ ಕಾರಣಕ್ಕೆ ನಿಯಮ ಮೀರಿ ಆದೇಶ ನೀಡುವಂತಿಲ್ಲ. ಆದರೆ ದರಪಟ್ಟಿ ಆಹ್ವಾನಿಸುವ ಸೂಚನೆ ಊರಿನ ಅಂಗಡಿಗಳಿಗೂ ತಲುಪುವಂತೆ ನೋಡಿಕೊಳ್ಳುವುದಕ್ಕೆ ಯಾವ ನಿಯಮವೂ ಅಡ್ಡಿಯಾಗದು. ಸೂಚನೆಯು ಕಚೇರಿಯ ಫಲಕದಲ್ಲಿ ಮಾತ್ರ ಇದ್ದು, ಅದನ್ನು ಓದುವವರು ಮೂರೇ ಜನ ಸರಬರಾಜುದಾರರಾದರೆ ಸ್ಪರ್ಧೆ ಎಂಬುದು ಹೆಸರಿಗಷ್ಟೇ.

ಅದಕ್ಕಿಂತ ದೊಡ್ಡ ತೊಡಕು ಬಿಲ್ ಪಾವತಿಯ ವಿಳಂಬ. ಹತ್ತು ಸಾವಿರ ರೂಪಾಯಿಯ ಬಲ್ಬು ಕೊಟ್ಟು ಆರು ತಿಂಗಳು ಕಾಯಲು ದೊಡ್ಡ ಗುತ್ತಿಗೆದಾರನಿಗೆ ಸಾಧ್ಯ. ಅಂಗಡಿಯ ಬಂಡವಾಳವೇ ಒಂದು ಲಕ್ಷ ಇರುವವನಿಗೆ ಅಸಾಧ್ಯ. ಆದ್ದರಿಂದ ಸಣ್ಣವನು ತಾನಾಗಿಯೇ ಹಿಂದೆ ಸರಿಯುತ್ತಾನೆ. ಉಳಿದವರು ವಿಳಂಬದ ಬಡ್ಡಿಯನ್ನು ದರದಲ್ಲಿಯೇ ಸೇರಿಸುತ್ತಾರೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ, ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಹಾಗೂ ಸೇವಾ ಪೂರೈಕೆದಾರರಿಗೆ ಸಲ್ಲಬೇಕಾದ ಹಣ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ಬಡ್ಡಿ ತೆರಬೇಕು. ಬಾಕಿ ಇರುವ ಸ್ಥಳೀಯ ಬಿಲ್‌ಗಳ ಪಟ್ಟಿಯನ್ನು ಪ್ರತಿ ಸಾಮಾನ್ಯ ಸಭೆಯಲ್ಲಿ, ಎಷ್ಟು ದಿನಗಳಿಂದ ಬಾಕಿ ಎಂಬ ವಿವರದೊಂದಿಗೆ ಓದಿಸುವುದು ಖರ್ಚಿಲ್ಲದ ಸುಧಾರಣೆ.

ಸ್ವತಃ ಅಂಗಡಿ ಹೊಂದಿರುವ ಸದಸ್ಯರು ಇಲ್ಲಿ ಎಚ್ಚರ ವಹಿಸಬೇಕು. ಅಧಿನಿಯಮದ 12ನೇ ಪ್ರಕರಣದ ಅನ್ವಯ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಪಂಚಾಯಿತಿಯ ಕಾಮಗಾರಿ ಅಥವಾ ಕರಾರಿನಲ್ಲಿ ನೇರವಾಗಿ ಅಥವಾ ಪರೋಕ್ಷವಾಗಿ ಪಾಲು ಹೊಂದುವುದು ಸದಸ್ಯತ್ವದ ಅನರ್ಹತೆಗೆ ಕಾರಣವಾಗುತ್ತದೆ. ಸ್ಥಳೀಯ ವ್ಯಾಪಾರದ ಉತ್ತೇಜನವು ಸದಸ್ಯರ ವ್ಯಾಪಾರದ ಉತ್ತೇಜನವಾಗಿಬಿಟ್ಟರೆ ಉಳಿದ ವ್ಯಾಪಾರಿಗಳ ವಿಶ್ವಾಸ ಮರಳಿ ಬರುವುದು ಕಷ್ಟ.

ಯೋಜನೆಗಳು ಮತ್ತು ತೆರಿಗೆಯ ಭಯ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯು ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ಮಡಿವಾಳ, ದರ್ಜಿ, ಚಮ್ಮಾರ, ಬುಟ್ಟಿ ಹೆಣೆಯುವವರು ಸೇರಿದಂತೆ 18 ಕಸುಬುಗಳಿಗೆ ಅನ್ವಯಿಸುತ್ತದೆ. ₹15,000 ವರೆಗಿನ ಉಪಕರಣ ನೆರವು, ಮೊದಲ ಹಂತದಲ್ಲಿ ₹1 ಲಕ್ಷ ಹಾಗೂ ಎರಡನೆಯ ಹಂತದಲ್ಲಿ ₹2 ಲಕ್ಷದ ವರೆಗೆ ಶೇ 5ರ ಬಡ್ಡಿದರದಲ್ಲಿ ಸಾಲ ಇದರ ಮುಖ್ಯಾಂಶಗಳು. ಗ್ರಾಮೀಣ ಪ್ರದೇಶದ ಅರ್ಜಿಗಳ ಮೊದಲ ಹಂತದ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯಿತಿಯಲ್ಲಿಯೇ. ಪಂಚಾಯಿತಿ ಹಂತದಲ್ಲಿ ಅರ್ಜಿ ಬಾಕಿ ಉಳಿದರೆ ಮುಂದಿನ ಹಂತಗಳಿಗೆ ಅದು ಹೋಗುವುದೇ ಇಲ್ಲ. ಹಪ್ಪಳ, ಚಟ್ನಿಪುಡಿ, ರೊಟ್ಟಿ, ಬೆಲ್ಲ ಮೊದಲಾದ ಆಹಾರ ತಯಾರಿಕೆಗೆ ಪಿ.ಎಂ.ಎಫ್.ಎಂ.ಇ. ಯೋಜನೆಯಲ್ಲಿ ಸಾಲ ಸಂಪರ್ಕಿತ ಸಹಾಯಧನವಿದೆ. ಸಂಜೀವಿನಿ ಒಕ್ಕೂಟದ ಮಹಿಳೆಯರಿಗೆ ಇದರ ಮಾಹಿತಿ ತಲುಪಿಸುವುದು ಸುಲಭ, ಏಕೆಂದರೆ ಒಕ್ಕೂಟ ಪಂಚಾಯಿತಿ ಮಟ್ಟದಲ್ಲಿಯೇ ಇದೆ. ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಅದಕ್ಕೆ ಹಣ ಕೇಳುವ ಮಧ್ಯವರ್ತಿಗಳ ಬಗ್ಗೆ ವ್ಯಾಪಾರಿಗಳನ್ನು ಎಚ್ಚರಿಸಬೇಕು.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಮಾಹಿತಿಯನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ ಹಲವರು "ನಗದು ಮಾತ್ರ" ಎಂಬ ಫಲಕ ತೂಗುಹಾಕಿದ್ದರು. ಆ ಭಯ ಹಲವು ಅಂಗಡಿಗಳಲ್ಲಿ ಇನ್ನೂ ಇದೆ. ನಿಯಮವನ್ನು ತಿಳಿಸಿದರೆ ಭಯ ಕಡಿಮೆಯಾದೀತು. ರಾಜ್ಯದಲ್ಲಿ ಸರಕುಗಳ ವ್ಯಾಪಾರಕ್ಕೆ ವಾರ್ಷಿಕ ವಹಿವಾಟು ₹40 ಲಕ್ಷ ಮೀರಿದರೆ, ಹೋಟೆಲ್ ಸೇರಿದಂತೆ ಸೇವೆಗಳಿಗೆ ₹20 ಲಕ್ಷ ಮೀರಿದರೆ ಜಿ.ಎಸ್.ಟಿ. ನೋಂದಣಿ ಅಗತ್ಯ. ತಾಜಾ ತರಕಾರಿ, ಹಣ್ಣು, ಹಾಲಿನಂತಹ ತೆರಿಗೆ ವಿನಾಯಿತಿಯ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ. ಆದರೆ ತರಕಾರಿಯ ಜೊತೆಗೆ ಬಿಸ್ಕತ್ತು, ಸಾಬೂನು ಮಾರಿದರೆ ಮಿತಿಯ ಲೆಕ್ಕಕ್ಕೆ ಎರಡೂ ಸೇರುತ್ತವೆ. ಹಣವನ್ನು ನಗದಾಗಿ ಪಡೆದರೂ ಯುಪಿಐ ಮೂಲಕ ಪಡೆದರೂ ಮಿತಿ ಒಂದೇ. ಆದ್ದರಿಂದ ಕ್ಯೂಆರ್ ಫಲಕವನ್ನು ತೆಗೆದುಹಾಕುವುದರಿಂದ ಲಾಭವಿಲ್ಲ. ಕಿಸೆಯಲ್ಲಿ ನಗದಿಲ್ಲದ ಯುವ ಗಿರಾಕಿ ಪಕ್ಕದ ಊರಿಗೆ ಹೋಗುತ್ತಾನೆ, ಅಷ್ಟೇ. ಮನೆಯ ಸಾಲ-ಕೈಗಡದ ಹಣಕ್ಕೆ ಬೇರೆ ಖಾತೆ, ಅಂಗಡಿಯ ಹಣಕ್ಕೆ ಬೇರೆ ಖಾತೆ ಇಟ್ಟುಕೊಳ್ಳುವಂತೆ ಸಲಹೆ ನೀಡುವುದು ಉಪಯುಕ್ತ.

ಇವೆಲ್ಲಕ್ಕೂ ಮೊದಲು ಬೇಕಾದುದು ಪಂಚಾಯಿತಿ ವ್ಯಾಪ್ತಿಯ ಅಂಗಡಿ, ಕಸುಬು ಮತ್ತು ಸೇವೆಗಳ ವಾರ್ಡುವಾರು ಪಟ್ಟಿ: ಪರವಾನಗಿ ಪಡೆದವರು, ಪಡೆಯದವರು, ಕಳೆದ ಎರಡು ವರ್ಷಗಳಲ್ಲಿ ಬಾಗಿಲು ಮುಚ್ಚಿದವರು. ಮುಚ್ಚಿದವರನ್ನು ಕಾರಣ ಕೇಳಿ ಬರೆದುಕೊಳ್ಳುವುದನ್ನು ಮರೆಯಬಾರದು. ಮಳಿಗೆಯ ಬಾಡಿಗೆಯೋ, ಬಾರದ ಬಿಲ್ಲೋ, ಸರಿದ ಬಸ್ ನಿಲುಗಡೆಯೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ವಾರ್ಡ್ ಸಭೆಗಳಲ್ಲಿ ಈ ಪಟ್ಟಿಯನ್ನು ಸಿದ್ಧಪಡಿಸಿ ಗ್ರಾಮ ಸಭೆಗೆ ಮಂಡಿಸಿದಲ್ಲಿ, ಮುಂದಿನ ಸಾಲಿನ ಆಯವ್ಯಯ ತಯಾರಿಕೆಯ ವೇಳೆಗೆ ಸಂತೆಯ ದರಪಟ್ಟಿ ಹಾಗೂ ಮಳಿಗೆ ಹರಾಜಿನ ಷರತ್ತುಗಳನ್ನು ಪರಿಷ್ಕರಿಸಲು ಸಾಕಷ್ಟು ಕಾಲಾವಕಾಶ ಇರುತ್ತದೆ.