ಬೇಲಿ ಸಾಲಿನ ಭಂಡಾರ

ಕಳೆದ ಬೇಸಿಗೆಯಲ್ಲಿ ಅಟ್ಟ ಗುಡಿಸುವಾಗ ನಮ್ಮ ಕೈಗೊಂದು ಹಳೆಯ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ತುಕ್ಕು ಹಿಡಿದ ಮುಚ್ಚಳವನ್ನು ಮೀಟಿ ತೆಗೆದರೆ ಒಳಗೆ ಒಂದು ಮಗ್ಗುಲು ತೇದ ಹುಣಸೆ ಬೀಜ, ಒಂದು ಹಿಡಿ ಅಂಟುವಾಳದ ಕಾಯಿ, ನಾಲ್ಕಾರು ಬೆಣಚುಕಲ್ಲು, ಎರಡು ನವಿಲುಗರಿ, ತಳದಲ್ಲಿ ಗುಲಗಂಜಿ. ಐವತ್ತು ವರ್ಷಗಳ ಹಿಂದೆ ಗುಬ್ಬಿ ಸೀಮೆಯ ತೋಟದ ಮನೆಯಲ್ಲಿ ನಾವು ಅಣ್ಣತಂಗಿಯರು ಕೂಡಿಸಿಟ್ಟ ಆಸ್ತಿ ಅದು. ಮಂಡಿಯ ಧಾರಣೆಯಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಆದರೂ ಎಸೆಯಲು ಮನಸ್ಸಾಗಲಿಲ್ಲ.

ರಜೆಗೆ ಬಂದಿದ್ದ ಮೊಮ್ಮಕ್ಕಳು ಸುತ್ತ ಕೂತರು. ಒಂದೊಂದನ್ನೇ ತೆಗೆದು ತೋರಿಸಿದೆವು. ತೇದ ಹುಣಸೆ ಬೀಜ ಚೌಕಾಬಾರದ ದಾಳ; ಕವಡೆ ಇಲ್ಲದ ಮನೆಯಲ್ಲಿ ನಾಲ್ಕು ಬೀಜಗಳೇ ಕವಡೆ. ತೇಯದ ಇಡೀ ಬೀಜಗಳು ಹದಿನಾಲ್ಕು ಗುಳಿಯ ಅಳಗುಳಿಮಣೆಗೆ. ಅಂಟುವಾಳ ಅಜ್ಜಿಯ ಪಾಲಿನ ಸಾಬೂನು. ರೇಷ್ಮೆ ಸೀರೆಗೂ ಅದೇ, ಒಡವೆಗೂ ಅದೇ. ರಾತ್ರಿ ದೀಪ ಆರಿಸಿ ಎರಡು ಬೆಣಚುಕಲ್ಲುಗಳನ್ನು ಉಜ್ಜಿ ತೋರಿಸಿದಾಗ ಒಳಗಿನಿಂದ ಮಿಂಚುಹುಳದಂಥ ಬೆಳಕು ಬಂತು. ಸುಟ್ಟ ವಾಸನೆಯೂ ಬಂತು. ಮಕ್ಕಳು ಹೋ ಎಂದು ಕೂಗಿದರು. ಚಿಕ್ಕನಾಯಕನಹಳ್ಳಿಯ ಕಡೆಯಿಂದ ನಮ್ಮ ತಾಲ್ಲೂಕಿನವರೆಗೂ ಹಬ್ಬಿರುವ ಶಿಲಾಪಟ್ಟಿ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದು. ಹೊಲದ ಬದುವಿನಲ್ಲಿ ಎಡವುವ ಕಲ್ಲಿಗೂ ಅಂಥ ವಯಸ್ಸಿದೆ.

ನವಿಲುಗರಿಯ ನೀಲಿ ಐವತ್ತು ವರ್ಷವಾದರೂ ಮಾಸಿರಲಿಲ್ಲ. ಆ ಹೊಳಪು ಬಣ್ಣದ ಪುಡಿಯಿಂದ ಬಂದುದಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಹುಟ್ಟುವಂಥದು. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ನವಿಲು ತನ್ನ ಉದ್ದ ಗರಿಗಳನ್ನು ತಾನೇ ಉದುರಿಸುತ್ತದೆ. ಹೀಗೆ ಉದುರಿದ್ದನ್ನು ಮನೆಯಲ್ಲಿಟ್ಟುಕೊಳ್ಳಲು 1972ರ ವನ್ಯಜೀವಿ ಕಾಯಿದೆ ಅಡ್ಡಿ ಮಾಡುವುದಿಲ್ಲ. ಗರಿಗಾಗಿ ಹಕ್ಕಿಯ ಮೈ ಮುಟ್ಟಿದರೆ ಮಾತ್ರ ಅಪರಾಧ.

ಗುಲಗಂಜಿಯ ಪಾಠ

ಇಷ್ಟು ಹೊತ್ತಿಗೆ ಎಲ್ಲರಿಗಿಂತ ಚಿಕ್ಕವಳು ಒಂದು ಗುಲಗಂಜಿಯನ್ನು ಬಾಯಿಗೆ ಹಾಕಿಕೊಂಡಿದ್ದಳು. ಕಂಡ ಕೂಡಲೇ ಬೆರಳು ಹಾಕಿ ತೆಗೆಸಿದೆವು. ಬೀಜ ಇಡಿಯಾಗಿತ್ತು, ಹಲ್ಲಿನ ಗುರುತಿರಲಿಲ್ಲ. ಆದರೂ ವೈದ್ಯರ ಬಳಿಗೆ ಓಡಿದೆವು. ಒಂದು ದಿನ ಕಣ್ಣಿಟ್ಟು ನೋಡಿದ ಮೇಲೆಯೇ ನಮಗೆ ಊಟ ಸೇರಿದ್ದು.

ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಈ ಚೆಂದದ ಬೀಜದೊಳಗೆ ಕಡು ವಿಷವಿದೆ. ಸಿಪ್ಪೆ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದರೆ ಎಷ್ಟೋ ಸಲ ಹಾಗೆಯೇ ಹೊರಬೀಳುತ್ತದೆ. ಅಗಿದರೆ, ಇಲ್ಲವೆ ಸರಕ್ಕೆಂದು ತೂತು ಮಾಡಿದ ಬೀಜವನ್ನು ನುಂಗಿದರೆ, ಪ್ರಾಣಕ್ಕೇ ಅಪಾಯ. ವಿಷ ಏರಲು ಕೆಲವು ಗಂಟೆಗಳೋ ದಿನಗಳೋ ಹಿಡಿಯುವುದರಿಂದ ಮಗು ಚೆನ್ನಾಗಿದೆಯೆಂದು ಸುಮ್ಮನಿರಬಾರದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾವು ಚಿಕ್ಕವರಿದ್ದಾಗ ಅಜ್ಜಿ ಡಬ್ಬಿ ಕೈಗೆ ಕೊಡುವ ಮೊದಲು ಇದನ್ನು ಹೇಳಿಯೇ ಕೊಡುತ್ತಿದ್ದಳು. ನಾವು ಡಬ್ಬಿ ಕೊಟ್ಟೆವು, ಮಾತು ಮರೆತೆವು.

ತೋರಿಸಲಾಗದ ಬೇಲಿ

ಮಾರನೆಯ ದಿನ ದೊಡ್ಡ ಹುಡುಗ, “ತಾತಾ, ಇವೆಲ್ಲ ಎಲ್ಲಿ ಸಿಗುತ್ತವೆ, ತೋರಿಸು” ಎಂದ. ತೋಟದ ಸುತ್ತ ನಡೆದೆವು. ಉದ್ದಕ್ಕೂ ಸಿಮೆಂಟಿನ ಕಂಬ, ಮುಳ್ಳುತಂತಿ. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಹಳೆಯ ಬೇಲಿಯನ್ನು ಯಂತ್ರ ತರಿಸಿ ಕೀಳಿಸಿದವರು ನಾವೇ. ಲಕ್ಕಿ, ಕತ್ತಾಳೆ, ಹೊಂಗೆ, ಬೇವು, ಅವುಗಳ ಮೇಲೆ ಹಬ್ಬಿದ್ದ ಗುಲಗಂಜಿ ಬಳ್ಳಿ ಎಲ್ಲವೂ ಅರ್ಧ ದಿನದಲ್ಲಿ ಹೋಗಿದ್ದವು. ಬಾವಿಯ ಮೇಲೆ ಬಾಗಿದ್ದ ಈಚಲು ಮರವೂ ಹೋಯಿತು. ಗೀಜಗ ಮಳೆಗಾಲದಲ್ಲಿ ಗೂಡು ನೇಯುತ್ತಿದ್ದುದು ಅದರ ಗರಿಗಳಲ್ಲೇ. ಮರಿಗಳು ಹಾರಿಹೋದ ಮೇಲೆ ಗಾಳಿಗೆ ಬಿದ್ದ ಗೂಡನ್ನು ನಾವು ಹೆಕ್ಕಿ ತರುತ್ತಿದ್ದೆವು. ಗುಬ್ಬಿ ಎಂಬ ಹೆಸರಿನ ಊರ ಸೀಮೆಯಲ್ಲಿ ಮಗುವಿಗೆ ಒಂದು ಹಕ್ಕಿಗೂಡು ತೋರಿಸಲಾಗದೆ ಮನೆಗೆ ಹಿಂತಿರುಗಿದೆವು.

ನಷ್ಟ ಮಕ್ಕಳ ಆಟಕ್ಕೆ ಮಾತ್ರ ಆದುದಲ್ಲ. ಹೊಂಗೆ ಬೀಜವನ್ನೂ ಬೇವಿನ ಬೀಜವನ್ನೂ ಆಯ್ದು ಮಾರಿದ ಹಣದಲ್ಲಿ ಎಷ್ಟೋ ಮನೆಯ ಮಕ್ಕಳಿಗೆ ಪುಸ್ತಕ ಬರುತ್ತಿತ್ತು. ಅದರ ಹಿಂಡಿ ತೋಟಕ್ಕೆ ಗೊಬ್ಬರವಾಗುತ್ತಿತ್ತು. ಈಗ ಹಿಂಡಿಯನ್ನು ಚೀಲದ ಲೆಕ್ಕದಲ್ಲಿ ಕೊಂಡು ತರುತ್ತೇವೆ. ನೆಲದ ಮೇಲೆ ಬಿದ್ದುದನ್ನು ಹೆಕ್ಕುವ ಅಭ್ಯಾಸದ ಬೆಲೆ ಕಾಫಿ ಬೆಳೆಯುವ ಬಂಧುಗಳಿಗೆ ಚೆನ್ನಾಗಿ ಗೊತ್ತು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡ ಕಾಯಿಕೊರಕ, ಉದುರಿದ ಹಣ್ಣಿನಲ್ಲೇ ಅಡಗಿದ್ದು ಮುಂದಿನ ಫಸಲಿಗೆ ಏರುತ್ತದೆ. ಆ ಹಣ್ಣನ್ನು ಬಿಡದೆ ಆಯುವುದೇ ಅದಕ್ಕೆ ಮೊದಲ ಮದ್ದು.

ಚೇಳೂರಿನ ಹಲಸು

ಮನೆಯ ಹಿತ್ತಿಲಿನಲ್ಲಿ ಕಣ್ಣಿಟ್ಟು ನೋಡಿದವರಿಗೆ ಏನು ಸಿಗಬಹುದೆಂಬುದಕ್ಕೆ ನಮ್ಮ ತಾಲ್ಲೂಕಿನ ಚೇಳೂರೇ ಸಾಕ್ಷಿ. ಅಲ್ಲಿನ ಒಂದು ಮನೆತನದ ಜಮೀನಿನಲ್ಲಿ ಹಿರಿಯರು ಬೆಳೆಸಿದ್ದ ಹಲಸಿನ ಮರವೊಂದರ ಹಣ್ಣು ಚಿಕ್ಕದು, ತೊಳೆ ತಾಮ್ರಗೆಂಪು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದರ ಗುಣವನ್ನು ಪರೀಕ್ಷಿಸಿ, “ಸಿದ್ದು” ಎಂದು ಹೆಸರಿಟ್ಟು, ಕಸಿ ಗಿಡ ಮಾಡಿ ಹಂಚುವ ಹಕ್ಕನ್ನು ಆ ಮನೆಯವರಿಗೇ ಒಪ್ಪಿಸಿದರು. ಬೀಜದಿಂದ ಹುಟ್ಟಿದ ಹಲಸು ಒಂದರಂತೆ ಇನ್ನೊಂದಿರುವುದಿಲ್ಲ. ಆ ಮರವನ್ನು ಯಾರಾದರೂ ಸೌದೆಗೆ ಕಡಿದಿದ್ದರೆ ಅಂಥದು ಮತ್ತೆ ಹುಟ್ಟುತ್ತಿರಲಿಲ್ಲ.

ಈ ಮುಂಗಾರಿಗೆ ನಾವು ತಂತಿಯ ಒಳಮಗ್ಗುಲಿಗೆ ಹೊಂಗೆ ಬೀಜ ಊರಿದ್ದೇವೆ. ಕೆರೆ ಏರಿಯ ಮೇಲೆ ಮಕ್ಕಳೇ ಆಯ್ದು ತಂದ ಬೀಜ. ಎರಡು ವಾರಕ್ಕೆ ಮೊಳಕೆ ಬಂತು. ಗುಲಗಂಜಿಯನ್ನು ಬೇರೆ ಸೀಸೆಗೆ ಹಾಕಿ, ಬಿಗಿಯಾಗಿ ಮುಚ್ಚಿ ಎತ್ತರದಲ್ಲಿಟ್ಟೆವು. ಡಬ್ಬಿಯನ್ನು ಮಕ್ಕಳ ಕೈಗೇ ಕೊಟ್ಟೆವು. ಸದಸ್ಯ ಬಾಂಧವರೂ ಈ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಒಮ್ಮೆ ತಮ್ಮ ಬೇಲಿಯ ಸುತ್ತ ನಡೆದು ನೋಡಲಿ. ಬೇಲಿ ಇನ್ನೂ ಉಳಿದಿದ್ದರೆ ಅದನ್ನು ಕೀಳುವ ಮುನ್ನ ಒಮ್ಮೆ ಯೋಚಿಸಲಿ.