ಹಳೆಯ ವಾಹನ ಕೊಂಡ ಮನೆಗೆ ಎಂಜಿನ್ನಿನ ಸಂಕಟ

ಮನೆಗೊಂದು ವಾಹನ ಬರುವುದೆಂದರೆ ಇಂದಿಗೂ ಅದು ಕುಟುಂಬದ ಸಂಭ್ರಮವೇ ಸರಿ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ ಗೃಹಸ್ಥರು ಏಳೆಂಟು ವರ್ಷ ಓಡಿದ ಕಾರನ್ನೋ ಜೀಪನ್ನೋ ಕೊಂಡು, ಹೂಮಾಲೆ ಹಾಕಿ, ಮೊದಲು ಮಠಕ್ಕೋ ಮನೆದೇವರ ಕ್ಷೇತ್ರಕ್ಕೋ ಒಯ್ಯುವುದು ನಮ್ಮಲ್ಲಿ ವಾಡಿಕೆ. ಆ ಮಾಲೆ ಬಾಡುವ ಮುನ್ನವೇ ಎಂಜಿನ್ ಕೈಕೊಟ್ಟಿತೆಂದರೆ ಮನೆಯವರ ಪಾಡು ಹೇಳತೀರದು. ಬ್ರೇಕು, ಟೈರು, ಬಾಗಿಲಿನ ಸದ್ದು ಇವೆಲ್ಲ ಕೆಲವು ಸಾವಿರಗಳಲ್ಲಿ ಮುಗಿಯುವ ಮಾತು. ಎಂಜಿನ್ನಿನ ಮಾತು ಹಾಗಲ್ಲ. ಕೊಂಡ ಬೆಲೆಯ ಗಣನೀಯ ಭಾಗವನ್ನು ಅದೊಂದೇ ನುಂಗಿಬಿಡಬಲ್ಲದು.

ನಮಗೆ ಪರಿಚಿತರಾದ ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ತಮ್ಮ ನಿವೃತ್ತಿ ಹಣದ ಒಂದು ಪಾಲನ್ನು ತೆಗೆದು, ಮಗನ ಜೀವನೋಪಾಯಕ್ಕಾಗಲೆಂದು ಹಳದಿ ಫಲಕದ ಡೀಸೆಲ್ ವಾಹನವೊಂದನ್ನು ವ್ಯಾಪಾರಿಯೊಬ್ಬರಿಂದ ಕೊಡಿಸಿದರು. ಮೂರನೆಯ ವಾರದಲ್ಲಿ ಗೋಕರ್ಣದ ಬಾಡಿಗೆ ಮುಗಿಸಿ ದೇವಿಮನೆ ಘಟ್ಟ ಏರುತ್ತಿದ್ದಾಗ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಹೊರಟಿತು. ಹುಡುಗನು ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದನು. ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಲಿಲ್ಲ. ಈ ಎರಡು ಕೆಲಸಗಳೇ ಆ ಮನೆಯ ಹಣವನ್ನು ಬಹುಮಟ್ಟಿಗೆ ಉಳಿಸಿದವು ಎಂಬುದು ನಮ್ಮ ಅಭಿಪ್ರಾಯ. ಕಾದ ರೇಡಿಯೇಟರಿನೊಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡ ತಪ್ಪಿ, ಇದ್ದಷ್ಟೂ ಕುದಿದು ಮುಖದ ಮೇಲೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಸಲ್ಲದು. ಲೋಹ ಬಿರುಕು ಬಿಟ್ಟೀತು.

ವಾಹನವನ್ನು ಎಳೆಸಿಕೊಂಡು ಊರಿಗೆ ತಂದರು. ಮಿಸ್ತ್ರಿಯು ಎಣ್ಣೆ ತುಂಬುವ ಮುಚ್ಚಳ ತಿರುಗಿಸಿ ತೋರಿಸಿದನು. ಅದರ ಒಳಬದಿಗೆ ಹಾಲಿನ ಕೆನೆಯಂತಹ ಬಿಳಿ ಜಿಗುಟು ದಪ್ಪವಾಗಿ ಅಂಟಿತ್ತು. ಎಣ್ಣೆಯ ಕಡ್ಡಿಯಲ್ಲಿಯೂ ಅದೇ ಬಣ್ಣ. “ಹೆಡ್ ಗ್ಯಾಸ್ಕೆಟ್ ಹೋಗೇತ್ರಿ ಮಾಸ್ತರ, ಈಗ ಬಿಚ್ಚಲೇನ್ರಿ?” ಎಂದು ಕೇಳಿದನು.

ಎಂಜಿನ್ನಿನ ಕೆಳಭಾಗವಾದ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಇರುವ ತೆಳುವಾದ ಹಾಳೆಯೇ ಈ ಗ್ಯಾಸ್ಕೆಟ್. ಸಿಲಿಂಡರಿನೊಳಗಿನ ಸ್ಫೋಟದ ಒತ್ತಡ, ತಂಪಿನ ನೀರು, ಎಣ್ಣೆ ಈ ಮೂರನ್ನೂ ಒಂದರೊಡನೊಂದು ಬೆರೆಯದಂತೆ ತಡೆಯುವುದು ಅದರ ಕೆಲಸ. ಎಂಜಿನ್ ಅತಿಯಾಗಿ ಕಾದಾಗ ಅಲ್ಯೂಮಿನಿಯಮ್ಮಿನ ಹೆಡ್ ಕೂದಲೆಳೆಯಷ್ಟು ಬಾಗಿದರೂ ಸಾಕು, ಆ ತಡೆ ಮುರಿಯುತ್ತದೆ. ಆಗ ನೀರು ಎಣ್ಣೆಗೆ ಬೆರೆಯುತ್ತದೆ, ಇಲ್ಲವೆ ಸಿಲಿಂಡರಿಗೆ ಇಳಿದು ಬಿಳಿ ಹೊಗೆಯಾಗಿ ಹೊರಬರುತ್ತದೆ. ಇಷ್ಟರಲ್ಲಿಯೇ ನಿಲ್ಲಿಸಿದರೆ ಹೊಸ ಗ್ಯಾಸ್ಕೆಟ್ ಹಾಗೂ ಲೇತಿನಲ್ಲಿ ಹೆಡ್ಡಿನ ಫೇಸಿಂಗ್ ಮಾಡಿಸಿದರೆ ಸಾಕಾಗಬಹುದು. ಊರು ಹತ್ತಿರವೇ ಇದೆಯಲ್ಲಾ ಎಂದು ಓಡಿಸಿದರೆ ನೀರು ಬೆರೆತ ಎಣ್ಣೆ ಬೇರಿಂಗುಗಳನ್ನು ತಿನ್ನುತ್ತದೆ, ಪಿಸ್ಟನ್ ಸೀಜ್ ಆಗುತ್ತದೆ. ಎಣ್ಣೆಯ ಒತ್ತಡದ ಕೆಂಪು ದೀಪಕ್ಕೂ ಇದೇ ನಿಯಮ: ಹೊತ್ತಿತೆಂದರೆ ನಿಲ್ಲಿಸಬೇಕು.

ಶಿಕ್ಷಕರು ಬಿಚ್ಚಲು ಒಪ್ಪಲಿಲ್ಲ. ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿದರು. ಅಕ್ಕಪಕ್ಕದ ಎರಡು ಸಿಲಿಂಡರುಗಳ ಒತ್ತಡ ಉಳಿದವುಗಳಿಗಿಂತ ಬಹಳ ಕಡಿಮೆಯಿತ್ತು. ಇದು ಅವುಗಳ ನಡುವೆ ಗ್ಯಾಸ್ಕೆಟ್ ಹರಿದಿರುವುದರ ಲಕ್ಷಣ. ಅದನ್ನೂ ಕಿಲೋಮೀಟರಿನ ಅಂಕಿಯನ್ನೂ ಬರೆಯಿಸಿ, ಸಹಿ ಹಾಕಿಸಿ, ಬಿಳಿ ಜಿಗುಟಿನ ಚಿತ್ರಗಳನ್ನು ತೆಗೆಯಿಸಿ, ವ್ಯಾಪಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಲಿಖಿತ ನೋಟೀಸು ಕಳುಹಿಸಿದರು. ನಮ್ಮ ಓದುಗರು ಮುಖ್ಯವಾಗಿ ಗಮನಿಸಬೇಕಾದದ್ದು ಇದನ್ನೇ. ಎಂಜಿನ್ ಒಮ್ಮೆ ಬಿಚ್ಚಿ ಜೋಡಿಸಿದ ಮೇಲೆ ಸಾಕ್ಷ್ಯವೆಲ್ಲ ಅಳಿದಂತೆಯೇ. “ನಿಮ್ಮ ಮಿಸ್ತ್ರಿಯೇ ಕೆಡಿಸಿದ” ಎಂದರೆ ಉತ್ತರವಿರುವುದಿಲ್ಲ. ಬಿಚ್ಚುವ ಮುನ್ನ ಮಾರಿದವನಿಗೆ ಬಂದು ನೋಡುವ ಅವಕಾಶ ಕೊಡಬೇಕು. ಬಿಚ್ಚಿದ ಮೇಲೆ ತೆಗೆದ ಹಳೆಯ ಭಾಗಗಳನ್ನು ಚೀಲಕ್ಕೆ ಹಾಕಿ ಮನೆಯಲ್ಲಿಯೇ ಇಟ್ಟುಕೊಳ್ಳಬೇಕು.

ಮಾರಿದವರು ಯಾರು ಎಂಬುದರ ಮೇಲೆ ಕಾನೂನಿನ ದಾರಿ ಬೇರೆಯಾಗುತ್ತದೆ. ವಾಹನ ಮಾರುವುದನ್ನೇ ವ್ಯಾಪಾರವಾಗಿ ಮಾಡುವವರಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ. ದೂರಿಗೆ ಎರಡು ವರ್ಷಗಳ ಕಾಲಮಿತಿಯಿದೆ. ಕೊಂಡವರು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಬಾಡಿಗೆಗೆ ಓಡಿಸುವ ವಾಹನವೆಂದರೆ ವಾಣಿಜ್ಯ ಉದ್ದೇಶವಾಯಿತಲ್ಲ ಎಂದು ಕೆಲವರು ಹಿಂಜರಿಯುವುದುಂಟು. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಕೊಂಡವನನ್ನು ಕಾಯಿದೆಯು ಗ್ರಾಹಕನೆಂದೇ ಪರಿಗಣಿಸುತ್ತದೆ. ತಾನೇ ಚಾಲಕನಾಗಿ ದುಡಿಯುವ ಈ ಹುಡುಗನಿಗೆ ಆ ರಕ್ಷಣೆ ಇತ್ತು. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ ಹಳೆಯ ವಾಹನಕ್ಕೆ ಸಹಜವಾದ ಸವೆತವನ್ನೆಲ್ಲ ದೋಷವೆಂದು ಯಾವ ಆಯೋಗವೂ ಒಪ್ಪಲಾರದು. ಮಾರುವಾಗಲೇ ಇದ್ದ ದೋಷವನ್ನು ಮರೆಮಾಚಲಾಗಿತ್ತು ಎಂಬುದಕ್ಕೆ ಆಧಾರ ಬೇಕು.

ನೆರೆಯವರಿಂದಲೋ ಬೀಗರಿಂದಲೋ ಕೊಂಡಿದ್ದರೆ ಗ್ರಾಹಕ ಆಯೋಗದ ದಾರಿಯಿಲ್ಲ. ದೋಷ ಗೊತ್ತಿದ್ದೂ ವಂಚಿಸಿದ್ದಾರೆಂದು 1872ರ ಕರಾರು ಕಾಯಿದೆಯಡಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಬೀಗರೊಡನೆ ನ್ಯಾಯಾಲಯದ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? ಇಂತಹಲ್ಲಿ ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ನಡುವೆ ಕೂರಿಸಿಕೊಳ್ಳುವುದೇ ಲೇಸು. ವಿಮೆಯನ್ನು ನೆಚ್ಚಿಕೊಳ್ಳುವಂತಿಲ್ಲ, ಅಪಘಾತವಿಲ್ಲದೆ ತಾನಾಗಿ ಕೆಟ್ಟ ಯಂತ್ರದ ವೆಚ್ಚವನ್ನು ಸಾಮಾನ್ಯ ಪಾಲಿಸಿ ಭರಿಸುವುದಿಲ್ಲ.

ಮೊದಲು ಜಬರಿಸಿದ ವ್ಯಾಪಾರಿ ನೋಟೀಸಿನ ಬಳಿಕ ತನ್ನ ಮಿಸ್ತ್ರಿಯೊಡನೆ ಬಂದು ನೋಡಿದರು. ಬಿಡಿಭಾಗ ಮತ್ತು ಲೇತಿನ ಖರ್ಚು ವ್ಯಾಪಾರಿಯದು, ಕೂಲಿ ಮನೆಯವರದು ಎಂದು ಒಪ್ಪಂದವಾಯಿತು. ಪೂರ್ತಿ ನ್ಯಾಯವೆನ್ನಲಾಗದು. ಆದರೂ ಬಾಡಿಗೆಯಿಲ್ಲದೆ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಮೇಲೆಂದು ಶಿಕ್ಷಕರು ಎಣಿಸಿದರು. ಸಾಲದ ಕಂತು ಯಾರಿಗೂ ಕಾಯುವುದಿಲ್ಲವಷ್ಟೆ.

ಕೆಲವೊಮ್ಮೆ ಎಂಜಿನ್ನನ್ನೇ ಬದಲಿಸುವುದು ಅಗ್ಗವೆಂದು ಸಲಹೆ ಬರುತ್ತದೆ. ಬೆಂಗಳೂರಿನ ಶಿವಾಜಿನಗರದಂತಹ ಕಡೆ ಹಳೆಯ ವಾಹನಗಳಿಂದ ಬಿಚ್ಚಿದ ಭಾಗಗಳು ದೊರೆಯುತ್ತವೆ. ಆದರೆ ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ ಇರುವುದರಿಂದ, ಸಾರಿಗೆ ಕಚೇರಿಯ ಅನುಮತಿ ಪಡೆದು ಹೊಸ ಸಂಖ್ಯೆಯನ್ನು ದಾಖಲಿಸಲೇಬೇಕು. ಬಿಲ್ಲಿಲ್ಲದ ಎಂಜಿನ್ ಕದ್ದ ವಾಹನದ್ದಾಗಿದ್ದರೆ ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ. ಬಿಲ್ಲು ಕೊಡದವನಿಂದ ಅರ್ಧ ಬೆಲೆಗೆ ಸಿಕ್ಕರೂ ಬೇಡ.

ಕೊಳ್ಳಲಿರುವವರಿಗೆ ಒಂದೆರಡು ಮಾತು. ಬೆಳಿಗ್ಗೆ, ತಣ್ಣಗಿರುವಾಗಲೇ ಎಂಜಿನ್ ಚಾಲೂ ಮಾಡಿ ನೋಡಬೇಕು. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಬೇಕು. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ, ಕಪ್ಪಾದರೆ ಇಂಧನ ಹೆಚ್ಚಾಗಿ ಉರಿಯುತ್ತಿದೆ, ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗಿಳಿಯುತ್ತಿದೆ. ದಪ್ಪನೆಯ ಎಣ್ಣೆ ಹಾಕಿ ಹೊಗೆಯನ್ನೂ ಸದ್ದನ್ನೂ ಕೆಲವು ದಿನ ಅಡಗಿಸುವವರಿದ್ದಾರೆ, ಆದ್ದರಿಂದ ನಂಬಿಗಸ್ತ ಮಿಸ್ತ್ರಿಯನ್ನು ಜೊತೆಗೆ ಒಯ್ಯಬೇಕು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದನ್ನು ಯಾವಾಗ ಬದಲಿಸಲಾಯಿತೆಂದು ಬಿಲ್ಲು ಕೇಳಬೇಕು. ಓಡುತ್ತಿರುವಾಗ ಅದು ಹರಿದರೆ ಬಹಳಷ್ಟು ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ವ್ಯಾಪಾರಿಗಳು ಸಾರಿಗೆ ಇಲಾಖೆಯ ಅಧಿಕಾರ ಪತ್ರ ಪಡೆಯುವ ವ್ಯವಸ್ಥೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದನ್ನು ಕೇಳಿ ನೋಡಲು ಸಂಕೋಚ ಬೇಡ.

ಹೆಡ್ ಇಳಿಸಿ ಕೂರಿಸಿದ ಎಂಜಿನ್ನಿನಲ್ಲಿ ಎಣ್ಣೆ, ಫಿಲ್ಟರ್, ಕೂಲಂಟ್ ಎಲ್ಲವೂ ಹೊಸದಿರಬೇಕು. ಎಣ್ಣೆಗೆ ನೀರು ಬೆರೆತಿದ್ದ ಎಂಜಿನ್ನಾದರೆ ಕೆಲವು ನೂರು ಕಿಲೋಮೀಟರಿಗೇ ಮತ್ತೊಮ್ಮೆ ಎಣ್ಣೆ ಬದಲಿಸುವುದು ಒಳ್ಳೆಯದು. ಮೊದಲ ವಾರಗಳಲ್ಲಿ ದಿನವೂ ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ನೀರಿನ ಮಟ್ಟ ನೋಡಿ, ಎಣ್ಣೆಯ ಕಡ್ಡಿಯನ್ನು ಬಿಳಿಯ ಬಟ್ಟೆಗೆ ಒರೆಸಿ ಬಣ್ಣವನ್ನು ಪರೀಕ್ಷಿಸಬೇಕು.