ಉಡುಪಿ ಹೋಟೆಲುಗಳ ಮೂಲಧನ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಿಂದ ಹೊರಟವರು ಮದರಾಸು, ಮುಂಬಯಿ, ಬೆಂಗಳೂರು ನಗರಗಳಲ್ಲಿ ಸಸ್ಯಾಹಾರದ ಹೋಟೆಲುಗಳನ್ನು ಸ್ಥಾಪಿಸಿದರೆಂಬುದು ಸರ್ವವಿದಿತವಾದ ಸಂಗತಿ. ಇವರಲ್ಲಿ ಅನೇಕರಿಗೆ ಹಣದ ಬಲವಾಗಲಿ ವಿದ್ಯೆಯ ಬಲವಾಗಲಿ ಇರಲಿಲ್ಲ. ಹಾಗಿರಲು ಅವರ ಮೂಲಧನ ಯಾವುದೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೂರು ನಿದರ್ಶನಗಳನ್ನು ನೋಡಬಹುದು. ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನ ಮನೆಗಳಲ್ಲಿ ಅಡಿಗೆಯವರಾಗಿದ್ದು, ೧೯೨೪ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ಬನ್ನು ತೆರೆದರು; ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎನಿಸಿತು. ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿನ ಹೋಟೆಲುಗಳಲ್ಲಿ ದುಡಿದು, ೧೯೩೮ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸನ್ನು ಸ್ಥಾಪಿಸಿದರು. ಎ. ರಾಮನಾಯಕರು ಬಾಲ್ಯದಲ್ಲಿಯೇ ಮುಂಬಯಿಗೆ ಹೋಗಿ, ಅಡಿಗೆಮನೆಯ ಚಾಕರಿಯಿಂದ ಮೇಲೇರಿ, ೧೯೪೨ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದರು.

ಇವರೆಲ್ಲರಿಗೂ ಸಮಾನವಾದ ಮೊದಲ ಆಸ್ತಿ ನಂಬಿಕೆ. ಅಡಿಗೆ ಮಾಡಿದವರು ಯಾರೆಂದು ವಿಚಾರಿಸಿಯೇ ಉಣ್ಣುತ್ತಿದ್ದ ಆ ಕಾಲದಲ್ಲಿ ಕೃಷ್ಣಮಠದ ಊರಿನ ಹೆಸರೇ ಶುಚಿತ್ವಕ್ಕೆ ಜಾಮೀನಾಗಿತ್ತು. ಆದರೆ ಈ ಜಾಮೀನಿಗೆ ಇನ್ನೊಂದು ಮುಖವೂ ಉಂಟು. ಮಡಿಯ ಭರವಸೆ ಕೆಲವರನ್ನು ಒಳಗೆ ಕರೆದಂತೆಯೇ ಕೆಲವರನ್ನು ಹೊರಗಿಟ್ಟಿತು. ಉಪಾಹಾರಗೃಹಗಳ ಪ್ರವೇಶಕ್ಕೆ ಜಾತಿಯು ಅಡ್ಡಿಯಾಗಕೂಡದೆಂಬುದು ೧೯೫೦ರ ಸಂವಿಧಾನದಿಂದ ಮಾತ್ರ ದೇಶಾದ್ಯಂತ ವಿಧಿಯಾಯಿತು.

ಎರಡನೆಯದು ವ್ಯಾಪಾರದ ಸ್ವರೂಪ. ಕಡವಾಗಿ ತಂದ ಅಕ್ಕಿ ಬೇಳೆಗಳು ಒಂದೆರಡು ದಿನಗಳಲ್ಲಿಯೇ ಇಡ್ಲಿ ದೋಸೆಗಳಾಗಿ ನಗದು ಹಣವಾಗುತ್ತವೆ. ಅಲ್ಪ ಬಂಡವಾಳವೇ ತಿಂಗಳಲ್ಲಿ ಹಲವು ಬಾರಿ ತಿರುಗುವುದರಿಂದ ಲಾಭಾಂಶ ಕಡಮೆಯಿದ್ದರೂ ವ್ಯವಹಾರ ನಿಲ್ಲಬಲ್ಲದು.

ಮೂರನೆಯದೂ ಮುಖ್ಯವಾದುದೂ ಬಂಧುತ್ವ. ಊರಿನಿಂದ ಬಂದ ಹುಡುಗನಿಗೆ ಹೋಟೆಲೇ ಅನ್ನವನ್ನೂ ಮಲಗಲು ಜಾಗವನ್ನೂ ಕೊಡುತ್ತಿತ್ತು. ಸಂಬಳ ಮನೆಗೆ ಹೋಗುತ್ತಿತ್ತು. ಪಾತ್ರೆ ತೊಳೆಯುವವನು ಕಾಲಕ್ರಮದಲ್ಲಿ ಬಡಿಸುವವನಾಗಿ, ಅಡಿಗೆಯವನಾಗಿ, ಗಲ್ಲಾಪೆಟ್ಟಿಗೆಯ ಬಳಿ ಕುಳಿತು, ಧಣಿಯ ಅಥವಾ ಬಂಧುಗಳ ಬೆಂಬಲದಿಂದ ಮತ್ತೊಂದು ಬೀದಿಯಲ್ಲಿ ತನ್ನದೇ ಹೋಟೆಲನ್ನು ತೆರೆಯಬಹುದಾಗಿತ್ತು. ಹೀಗೆ ಪ್ರತಿಯೊಂದು ಹೋಟೆಲೂ ಒಂದು ಪಾಠಶಾಲೆಯಾಯಿತು.

ಆದರೆ ಈ ಪಾಠಶಾಲೆಗೆ ಸೇರಿದ ಬಾಲಕರಲ್ಲಿ ಅನೇಕರು ನಿಜವಾದ ಪಾಠಶಾಲೆಯನ್ನು ಬಿಟ್ಟು ಬಂದವರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹಗಲೆಲ್ಲ ದುಡಿದ ಇಂತಹ ಹುಡುಗರಿಗೆ ಅಕ್ಷರ ಕಲಿಸಿದುವು. ಸೋಪಾನದ ಮೊದಲ ಮೆಟ್ಟಿಲು ಬಾಲದುಡಿಮೆಯೇ ಆಗಿತ್ತೆಂಬುದನ್ನು ಮರೆಯಲಾಗದು. ಹೋಟೆಲುಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆ ನಿಷೇಧಕ್ಕೊಳಗಾದುದು ೨೦೦೬ರಲ್ಲಿ.

ಆದುದರಿಂದ ಈ ಉದ್ಯಮದ ಚರಿತ್ರೆಯನ್ನು ಕೆಲವು ಸಾಹಸಿಗಳ ಜೀವನಚರಿತ್ರೆಯಾಗಿ ಮಾತ್ರ ಬರೆಯುವುದು ಅಸಮಗ್ರವಾದೀತು. ಧಣಿಯ ಜಾಣ್ಮೆಯಷ್ಟೇ, ಎಂದೂ ಧಣಿಯಾಗದೆ ಉಳಿದವರ ದುಡಿಮೆಯೂ ಅದರ ಮೂಲಧನ. ಲೆಕ್ಕಪುಸ್ತಕದಲ್ಲಿ ಕಾಣದ ಆ ಪಾಲನ್ನು ಗುರುತಿಸಿದಲ್ಲದೆ ಲೆಕ್ಕ ಸರಿಹೊಂದದು.